ಹೊಗೆ ತೂಗುವ ತಕ್ಕಡಿ ಯಾರ ಕೈಯಲ್ಲಿ?

ಐರೋಪ್ಯ ಒಕ್ಕೂಟ ತನ್ನೊಳಗೆ ಬರುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರಗಳ ಮೇಲೆ ಹೇರಿರುವ ಇಂಗಾಲ ಗಡಿ ತೆರಿಗೆ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಆಫ್ರಿಕಾದ ಕಾರ್ಖಾನೆಗಳಿಗೆ ಇದರಿಂದ ಏನಾಗುತ್ತದೆ ಎಂದು ಕೇಳಿದ ಪತ್ರಗಳಲ್ಲಿ ಎಂಟನ್ನು ಆಯ್ದು ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ಹೊಗೆಗೆ ತೆರಿಗೆ ಹಾಕುವುದು ಹೇಗೆ? ಸರಕು ಹಡಗಿನಿಂದ ಇಳಿಯುವಾಗ ಅದರ ಜೊತೆ ಹೊಗೆ ಬಂದಿರುವುದಿಲ್ಲವಲ್ಲ!
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಹೊಗೆ ಬರುವುದಿಲ್ಲ ಮೇಷ್ಟ್ರೇ, ಹೊಗೆಯ ಲೆಕ್ಕ ಬರಬೇಕು. ಇಡೀ ಕಾನೂನಿನ ಜೀವ ಇರುವುದು ಆ ಲೆಕ್ಕದ ಹಾಳೆಯಲ್ಲಿ.

ಯೂರೋಪಿನ ದೊಡ್ಡ ಕಾರ್ಖಾನೆಗಳು 2005ರಿಂದ ತಾವು ಬಿಡುವ ಪ್ರತಿ ಟನ್ ಇಂಗಾಲದ ಡೈಆಕ್ಸೈಡ್‌ಗೂ ಒಂದು ಪರವಾನಗಿ ಒಪ್ಪಿಸಬೇಕು. ಪರವಾನಗಿ ಹರಾಜಿನಲ್ಲಿ ಸಿಗುತ್ತದೆ. ಈಚಿನ ವರ್ಷಗಳಲ್ಲಿ ಅದರ ಬೆಲೆ ಹೆಚ್ಚಾಗಿ ಟನ್ನಿಗೆ 60ರಿಂದ 90 ಯೂರೋ ನಡುವೆ ಏರಿಳಿದಿದೆ. ಹೊರದೇಶದ ಕಾರ್ಖಾನೆಗೆ ಈ ಖರ್ಚಿಲ್ಲ. ಹೀಗಾದರೆ ನಮ್ಮ ಕಾರ್ಖಾನೆಗಳು ಬಾಗಿಲು ಹಾಕಿ ಹೊರಗೆ ಹೋಗುತ್ತವೆ, ಹೊಗೆ ಮಾತ್ರ ಅಷ್ಟೇ ಉಳಿಯುತ್ತದೆ ಎಂಬ ಭಯದಿಂದ ಉಕ್ಕು, ಸಿಮೆಂಟ್‌ನಂಥ ಉದ್ಯಮಗಳಿಗೆ ಬಹಳಷ್ಟು ಪರವಾನಗಿಗಳನ್ನು ಬಿಟ್ಟಿಯಾಗಿ ಕೊಡುತ್ತ ಬಂದಿದ್ದರು. ಈಗ ಆ ಬಿಟ್ಟಿ ಪಾಲನ್ನು ವರ್ಷ ವರ್ಷ ಇಳಿಸಿ 2034ಕ್ಕೆ ಸೊನ್ನೆ ಮಾಡುತ್ತಾರೆ. ಅದು ಇಳಿದಷ್ಟೂ ಗಡಿಯ ತೆರಿಗೆ ಏರುತ್ತದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರದ ಜೊತೆ ವಿದ್ಯುತ್ ಮತ್ತು ಜಲಜನಕವೂ ಪಟ್ಟಿಯಲ್ಲಿವೆ.

ದುಡ್ಡು ಕಟ್ಟುವವನು ಯೂರೋಪಿನ ಆಮದುದಾರ. 2026ರ ಸರಕಿಗೆ ಬೇಕಾದ ಪ್ರಮಾಣಪತ್ರಗಳನ್ನು ಅವನು 2027ರ ಫೆಬ್ರುವರಿಯಿಂದ ಕೊಳ್ಳಬೇಕು. ಆದರೆ ಲೆಕ್ಕ ಕೊಡಬೇಕಾದವನು ಕೈರೋದಲ್ಲೋ ಅಲ್ಜೀರಿಯಾದ ಓರಾನ್‌ನಲ್ಲೋ ಇರುವ ಕಾರ್ಖಾನೆಯವನು. ಅವನು ಕೊಡದಿದ್ದರೆ ಐರೋಪ್ಯ ಆಯೋಗ ತಾನೇ ಒಂದು ಅಂದಾಜು ಅಂಕಿ ಹಿಡಿದು, ಅದರ ಮೇಲೆ ಇನ್ನಷ್ಟು ಸೇರಿಸಿ ಲೆಕ್ಕ ಹಾಕುತ್ತದೆ. ಆಮದುದಾರ ಆ ಹೊರೆಯನ್ನು ಬೆಲೆ ಚೌಕಾಸಿಯಲ್ಲಿ ಕಾರ್ಖಾನೆಯ ಹೆಗಲಿಗೇ ಹಾಕುತ್ತಾನೆ.

ಪ್ರಶ್ನೆ: ಆಫ್ರಿಕಾಕ್ಕೆ ವರ್ಷಕ್ಕೆ 25 ಬಿಲಿಯನ್ ಡಾಲರ್ ನಷ್ಟ ಎಂದು ಓದಿದೆ. ಇದು ನಿಜವೇ?
— ಅರ್ಥಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಅಂಕಿ ಸುಳ್ಳಲ್ಲ. ಆದರೆ ಅದು ನಿಂತಿರುವ ನೆಲವನ್ನು ನೋಡಬೇಕು. ಆಫ್ರಿಕನ್ ಕ್ಲೈಮೇಟ್ ಫೌಂಡೇಶನ್ ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ 2023ರಲ್ಲಿ ಹೊರತಂದ ಅಧ್ಯಯನದ ಅಂದಾಜು ಅದು. ತೆರಿಗೆ ಎಲ್ಲ ಆಮದು ಸರಕುಗಳಿಗೂ ವಿಸ್ತರಿಸಿದರೆ ಏನಾದೀತು ಎಂಬ ಲೆಕ್ಕದಿಂದ ಅದು ಬಂದಿದೆ. ಇವತ್ತು ಪಟ್ಟಿಯಲ್ಲಿರುವುದು ಆರೇ ಬಗೆಯ ಸರಕು. ಘಾನಾದ ಕೋಕೋ, ಇಥಿಯೋಪಿಯಾದ ಕಾಫಿ, ಅಂಗೋಲಾದ ಕಚ್ಚಾತೈಲಗಳಿಗೆ ಈ ತೆರಿಗೆ ಸೋಕುವುದಿಲ್ಲ.

ಆದ್ದರಿಂದ ‘ಆಫ್ರಿಕಾಕ್ಕೆ ಹೊಡೆತ’ ಎನ್ನುವ ಬದಲು ಹೊಡೆತ ಎಲ್ಲಿ ಬೀಳುತ್ತದೆ ಎಂದು ಬೆರಳಿಟ್ಟು ತೋರಿಸುವುದು ಮೇಲು. ಈಜಿಪ್ಟಿನ ಯೂರಿಯಾ ಮತ್ತು ಉಕ್ಕು, ಅಲ್ಜೀರಿಯಾದ ಉಕ್ಕು ಮತ್ತು ಸಿಮೆಂಟ್, ಮೊರಾಕ್ಕೊದ ಗೊಬ್ಬರ, ದಕ್ಷಿಣ ಆಫ್ರಿಕಾದ ಉಕ್ಕು ಮತ್ತು ಅಲ್ಯೂಮಿನಿಯಂ, ಮೊಜಾಂಬಿಕ್‌ನ ಅಲ್ಯೂಮಿನಿಯಂ, ಜಿಂಬಾಬ್ವೆಯ ಫೆರೋಕ್ರೋಮ್. ಖಂಡದ 54 ದೇಶಗಳಲ್ಲಿ ಹೆಚ್ಚಿನವಕ್ಕೆ ಇಂದು ಬಿಸಿ ತಟ್ಟದು. ಕೈಗಾರಿಕೆ ಕಟ್ಟಿಕೊಂಡ ಕೆಲವು ದೇಶಗಳಿಗೆ, ಕಟ್ಟಿಕೊಂಡಿದ್ದರಿಂದಲೇ ತಟ್ಟುತ್ತದೆ. ಮುಂದಿನ ಪತ್ರದಲ್ಲಿ ಈ ಮಾತಿನ ಬೇರು ಸಿಗುತ್ತದೆ.

ಪ್ರಶ್ನೆ: ಅದಿರು ಹಾಗೇ ಮಾರಿದರೂ ಈ ತೆರಿಗೆ ಇದೆಯೇ?
— ಲಾರಿ ಮಾಲೀಕರು, ಸಂಡೂರು

ಇಲ್ಲ. ಪ್ರಶ್ನೆ ಸಂಡೂರಿನಿಂದ ಬಂದಿದ್ದು ಆಶ್ಚರ್ಯವಲ್ಲ. 2010ರಲ್ಲಿ ಕರ್ನಾಟಕ ಅದಿರು ರಫ್ತನ್ನೇ ನಿಲ್ಲಿಸಿದ್ದನ್ನು ಕಂಡ ಊರು ಅದು. ಅದಿರು ಮಾರುವುದಕ್ಕೂ ಉಕ್ಕು ಮಾರುವುದಕ್ಕೂ ಇರುವ ಅಂತರವನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ಗಿನಿ ದೇಶದ ಬಾಕ್ಸೈಟ್ ಅಗೆದು ಹಾಗೇ ಹಡಗಿಗೆ ತುಂಬಿದರೆ ಇಂಗಾಲದ ಲೆಕ್ಕ ಯಾರೂ ಕೇಳುವುದಿಲ್ಲ. ಅದನ್ನು ಅಲ್ಲೇ ಕರಗಿಸಿ ಅಲ್ಯೂಮಿನಿಯಂ ಗಟ್ಟಿ ಮಾಡಿ ಕಳಿಸಿದರೆ ಲೆಕ್ಕ ಶುರು. ಕಬ್ಬಿಣದ ಅದಿರನ್ನು ಪುಡಿಯಾಗಿಯೋ ಗಟ್ಟಿಯಾಗಿಯೋ ಕಳಿಸಿದರೆ ತೆರಿಗೆಯಿಲ್ಲ, ಉಂಡೆ ಕಟ್ಟಿ ಸುಟ್ಟು ಪೆಲೆಟ್ ಮಾಡಿದರೆ ಇದೆ. ಜಿಂಬಾಬ್ವೆ ತನ್ನ ಕ್ರೋಮ್ ಅದಿರು ಹಸಿಯಾಗಿ ಹೊರಹೋಗದಂತೆ ತಡೆದು, ‘ಇಲ್ಲೇ ಕರಗಿಸಿ’ ಎಂದಿತು. ಕರಗಿಸಿದ ಮೇಲೆ ಸಿಗುವ ಫೆರೋಕ್ರೋಮ್ ಈಗ ಪಟ್ಟಿಯಲ್ಲಿದೆ.

ಕುಲುಮೆಯಲ್ಲಿ ಹೊಗೆ ಹೆಚ್ಚು, ಗಣಿಯಲ್ಲಿ ಕಡಿಮೆ, ಆದ್ದರಿಂದ ಹೀಗೆ ಎನ್ನುವ ತರ್ಕದಲ್ಲಿ ತಪ್ಪಿಲ್ಲ. ಆದರೆ ಪರಿಣಾಮ ನೋಡಿ. ಅಗೆದು ಕೊಡುವವನಿಗೆ ದಾರಿ ಸಲೀಸು, ಮಾಡಿ ಕೊಡುವವನಿಗೆ ಮುಳ್ಳು. ಆಫ್ರಿಕಾದ ದೇಶಗಳು ಸ್ವಾತಂತ್ರ್ಯ ಬಂದಾಗಿನಿಂದ ದಾಟಲು ಹೆಣಗುತ್ತಿರುವ ಗೆರೆಯ ಮೇಲೆಯೇ ಬೇಲಿ ಎದ್ದಿದೆ.

ಪ್ರಶ್ನೆ: 2026ರಲ್ಲಿ ತೆರಿಗೆ ಬರೀ 2.5 ಶೇಕಡಾ, ಪೂರ್ತಿ ಆಗುವುದು 2034ಕ್ಕೆ ಎನ್ನುತ್ತಾರೆ. ಹಾಗಿದ್ದರೆ ಈಗಲೇ ಗಾಬರಿ ಏಕೆ?
— ಉಕ್ಕಿನ ಕಾರ್ಖಾನೆಯ ನಿವೃತ್ತ ನೌಕರರು, ಭದ್ರಾವತಿ

ಪತ್ರಿಕೆಗಳಲ್ಲೂ ಹೀಗೇ ಬರುತ್ತಿದೆ. ಆದರೆ ಲೆಕ್ಕ ಹಾಗಿಲ್ಲ. ನೀವು ಕುಲುಮೆ ಕಂಡವರು, ಬೇಗ ಹಿಡಿಯುತ್ತೀರಿ.

ಪ್ರತಿ ಉತ್ಪಾದನಾ ವಿಧಾನಕ್ಕೂ ಒಂದು ಮಾನದಂಡ ಇಟ್ಟಿದ್ದಾರೆ: ಟನ್ ಉಕ್ಕಿಗೆ ಇಷ್ಟು ಹೊಗೆ ಎಂದು. 2026ರಲ್ಲಿ ಆ ಮಾನದಂಡದ 97.5 ಶೇಕಡಾವರೆಗೆ ವಿನಾಯಿತಿ. ಅದನ್ನು ಮೀರಿದ್ದಕ್ಕೆಲ್ಲ ಪೂರ್ತಿ ಬೆಲೆ. ಲೆಕ್ಕಕ್ಕಾಗಿ ಮಾನದಂಡ 1.4 ಟನ್, ಇಂಗಾಲದ ಬೆಲೆ 75 ಯೂರೋ ಎಂದುಕೊಳ್ಳಿ. ವಿನಾಯಿತಿ 1.365 ಟನ್. ಎರಡು ಬ್ಲಾಸ್ಟ್ ಫರ್ನೇಸ್ ಕಾರ್ಖಾನೆಗಳಿವೆ. ಚೊಕ್ಕವಾಗಿರುವುದು ಟನ್ ಉಕ್ಕಿಗೆ 1.5 ಟನ್ ಹೊಗೆ ಬಿಡುತ್ತದೆ, ಹಳೆಯದು 2.2 ಟನ್. ಮೊದಲ ವರ್ಷವೇ ಚೊಕ್ಕ ಕಾರ್ಖಾನೆಯ ಉಕ್ಕಿನ ಮೇಲೆ ಟನ್ನಿಗೆ ಸುಮಾರು 10 ಯೂರೋ, ಹಳೆಯದರ ಮೇಲೆ ಸುಮಾರು 63 ಯೂರೋ. 2030ರಲ್ಲಿ ವಿನಾಯಿತಿ ಮಾನದಂಡದ 51.5 ಶೇಕಡಾಕ್ಕೆ ಇಳಿದಾಗ ಕ್ರಮವಾಗಿ 58 ಮತ್ತು 111. 2034ಕ್ಕೆ 112 ಮತ್ತು 165.

ಅಂದರೆ 2.5 ಶೇಕಡಾ ಎನ್ನುವುದು ಮಾನದಂಡದೊಳಗೆ ಇರುವವನ ಮಾತು. ಹಳೆಯ ಯಂತ್ರ, ಆಗಾಗ ಕೈಕೊಡುವ ಕರೆಂಟು, ನಿಂತು ನಿಂತು ಓಡುವ ಕುಲುಮೆ ಇರುವವನಿಗೆ ಮಾನದಂಡ ಮೀರಿದ ಹೊಗೆಗೆಲ್ಲ ಮೊದಲ ದಿನದಿಂದಲೇ ಪೂರ್ತಿ ಬಿಲ್ಲು. ಕರೆಂಟಿನ ಕೊರತೆಯಿಂದ ಬಳಲಿದ ದಕ್ಷಿಣ ಆಫ್ರಿಕಾದ ಉಕ್ಕು ಉದ್ಯಮಕ್ಕೆ ಇದು ಗಾಯದ ಮೇಲಿನ ಬರೆ. ಕಲ್ಲಿದ್ದಲ ಬದಲು ಅನಿಲದಿಂದ ಕಬ್ಬಿಣ ತೆಗೆಯುವ ಅಲ್ಜೀರಿಯಾ, ಈಜಿಪ್ಟ್‌ಗಳ ಹೊಗೆ ಟನ್ನಿಗೆ ಬಹಳ ಕಡಿಮೆ. ಆದರೆ ಅಂಥ ಕಾರ್ಖಾನೆಗೆ ಮಾನದಂಡವೂ ಬೇರೆ, ಇನ್ನೂ ಕೆಳಗಿನದು. ಸ್ವಚ್ಛ ದಾರಿ ಹಿಡಿದದ್ದಕ್ಕೆ ಲಾಭ ಪೂರ್ತಿ ಕೈಗೆ ಸಿಗುವುದು ಬಿಟ್ಟಿ ಪಾಲು ಮುಗಿದ ಮೇಲೆಯೇ.

ಪ್ರಶ್ನೆ: ಮೊಜಾಂಬಿಕ್‌ನ ಅಲ್ಯೂಮಿನಿಯಂ ಜಲವಿದ್ಯುತ್ತಿನಿಂದ ತಯಾರಾಗುತ್ತದೆ. ಇಂಗಾಲಕ್ಕೆ ತೆರಿಗೆ ಎಂದಾದರೆ ಆ ದೇಶಕ್ಕೆ ಲಾಭವಾಗಬೇಕಲ್ಲವೇ?
— ಎಂಜಿನಿಯರ್, ಮಂಗಳೂರು

ಬಂದ ಪತ್ರಗಳಲ್ಲಿ ಇದೇ ಉತ್ತಮ ಪ್ರಶ್ನೆ. ಆಗಬೇಕಿತ್ತು, ಆಗಲಿಲ್ಲ.

ಮಪುಟೊ ನಗರದ ಪಕ್ಕದಲ್ಲಿರುವ ಮೊಜಾಲ್ ಕಾರ್ಖಾನೆ 2000ದಲ್ಲಿ ಶುರುವಾಯಿತು. ವರ್ಷಕ್ಕೆ ಐದೂವರೆ ಲಕ್ಷ ಟನ್ನಿಗೂ ಹೆಚ್ಚು ಸಾಮರ್ಥ್ಯ, ಉತ್ಪನ್ನದ ಬಹುಪಾಲು ಯೂರೋಪಿಗೆ ಹೋಗುತ್ತಿತ್ತು. ಇದನ್ನು ನಡೆಸುವ ಸೌತ್32 ಕಂಪನಿಯದೇ ಇನ್ನೊಂದು ಕಾರ್ಖಾನೆ ದಕ್ಷಿಣ ಆಫ್ರಿಕಾದ ರಿಚರ್ಡ್ಸ್ ಬೇ ಬಂದರಿನಲ್ಲಿದೆ, ಹೆಸರು ಹಿಲ್‌ಸೈಡ್. ಮೊಜಾಲ್‌ನ ವಿದ್ಯುತ್ತಿನ ಮೂಲ ಜಾಂಬೆಜಿ ನದಿಯ ಕಹೋರಾ ಬಾಸಾ ಅಣೆಕಟ್ಟು. ಹಿಲ್‌ಸೈಡ್‌ಗೆ ಕರೆಂಟು ಕೊಡುವ ಅಲ್ಲಿಯ ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಮ್ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ವಿದ್ಯುತ್ತನ್ನು ಕಲ್ಲಿದ್ದಲಿನಿಂದ ತೆಗೆಯುತ್ತದೆ.

ಒಂದು ಟನ್ ಅಲ್ಯೂಮಿನಿಯಂ ಕರಗಿಸಲು ಸುಮಾರು 14,000 ಯೂನಿಟ್ ಕರೆಂಟು ಬೇಕು. ಕಲ್ಲಿದ್ದಲಿನ ಕರೆಂಟಾದರೆ ಒಂದು ಟನ್ ಲೋಹದ ಬೆನ್ನಿಗೆ ಸುಮಾರು 14 ಟನ್ ಹೊಗೆ. ಕುಲುಮೆಯೊಳಗೇ ಹುಟ್ಟುವ ಹೊಗೆ ಎರಡು ಟನ್ನಿಗೂ ಕಡಿಮೆ. ಈ ತೆರಿಗೆ ಅಲ್ಯೂಮಿನಿಯಂ ಮತ್ತು ಉಕ್ಕಿನ ವಿಷಯದಲ್ಲಿ ಸದ್ಯಕ್ಕೆ ನೋಡುವುದು ಆ ಎರಡು ಟನ್ನಿನೊಳಗಿನದನ್ನು ಮಾತ್ರ. ಕರೆಂಟಿನ ಹೊಗೆಯನ್ನು ಎಣಿಸುವುದು ಸಿಮೆಂಟ್ ಮತ್ತು ಗೊಬ್ಬರಕ್ಕಷ್ಟೇ. ಹೀಗಾಗಿ ನದಿಯಿಂದ ಓಡುತ್ತಿದ್ದ ಮೊಜಾಲ್‌ಗೂ ಕಲ್ಲಿದ್ದಲಿನಿಂದ ಓಡುವ ಹಿಲ್‌ಸೈಡ್‌ಗೂ ಯೂರೋಪಿನ ತಕ್ಕಡಿಯಲ್ಲಿ ಹೆಚ್ಚುಕಡಿಮೆ ಒಂದೇ ತೂಕ.

ಏಕೆ ಹೀಗೆ? ಯೂರೋಪಿನ ಹಲವು ಸರ್ಕಾರಗಳು ತಮ್ಮ ಅಲ್ಯೂಮಿನಿಯಂ, ಉಕ್ಕು ಉದ್ಯಮಗಳಿಗೆ ಇಂಗಾಲದಿಂದ ದುಬಾರಿಯಾದ ಕರೆಂಟಿನ ಖರ್ಚನ್ನು ಭರಿಸಿಕೊಡುತ್ತವೆ. ತಮ್ಮವರಿಗೆ ಪರಿಹಾರ ಕೊಟ್ಟು ಹೊರಗಿನವರಿಗೆ ತೆರಿಗೆ ಹಾಕಿದರೆ ವಿಶ್ವ ವ್ಯಾಪಾರದ ನಿಯಮಗಳ ಮುಂದೆ ನಿಲ್ಲುವುದು ಕಷ್ಟ. ನಿಯಮ ಬರೆದವರ ಮನೆಯ ಅನುಕೂಲಕ್ಕೆ ಹಾಕಿದ ಗೆರೆ ಅದು, ಮೊಜಾಂಬಿಕ್‌ನ ನದಿಯನ್ನು ನೋಡಿ ಹಾಕಿದ್ದಲ್ಲ.

ನಾಳೆ ಕರೆಂಟನ್ನೂ ಎಣಿಸಲು ಶುರು ಮಾಡಿದರೆ? ಆಗಲೂ ತೊಡಕಿದೆ. ಕಹೋರಾ ಬಾಸಾದ ವಿದ್ಯುತ್ ನೇರವಾಗಿ ಮಪುಟೊಗೆ ಬರುವುದಿಲ್ಲ. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ತಂತಿಯಲ್ಲಿ ಜೊಹಾನ್ಸ್‌ಬರ್ಗ್ ಕಡೆಗೆ ಹೋಗಿ, ಎಸ್ಕಾಮ್‌ನ ಜಾಲಕ್ಕೆ ಸೇರಿ, ಅಲ್ಲಿಂದ ಎಸ್ಕಾಮ್ ಮಾರಿದ ಕರೆಂಟಾಗಿ ಮೊಜಾಲ್‌ಗೆ ಮರಳುತ್ತಿತ್ತು. ಆ ಜಾಲದಲ್ಲಿ ಕಲ್ಲಿದ್ದಲಿನದೇ ರಾಜ್ಯ. ಕುಲುಮೆಗೆ ಹರಿದದ್ದು ನದಿಯ ಕರೆಂಟೇ ಎಂದು ಕಾಗದದ ಮೇಲೆ ಸಾಧಿಸುವುದು ಸುಲಭದ ಮಾತಲ್ಲ.

ಕೊನೆಗೆ ಮೊಜಾಲ್‌ಗೆ ಕುತ್ತಾಗಿ ಬಂದದ್ದು ಕರೆಂಟಿನ ಬೆಲೆ, ಇಂಗಾಲದ ತೆರಿಗೆಯಲ್ಲ. ಹೊಸ ದರದ ಮಾತುಕತೆ ಕುದುರದೆ, ಒಪ್ಪಂದ ಮುಗಿಯುವ 2026ರ ಮಾರ್ಚ್‌ಗೆ ಉತ್ಪಾದನೆ ನಿಲ್ಲಿಸುವುದಾಗಿ ಕಂಪನಿ 2025ರ ಡಿಸೆಂಬರ್‌ನಲ್ಲಿ ಘೋಷಿಸಿತು. ಜಲವಿದ್ಯುತ್ತಿನ ಲೋಹಕ್ಕೆ ಯೂರೋಪಿನ ಗಡಿಯಲ್ಲಿ ನಾಲ್ಕು ಕಾಸು ಹೆಚ್ಚು ಸಿಗುವಂತಿದ್ದರೆ ಆ ಮಾತುಕತೆಯಲ್ಲಿ ಅದೂ ಒಂದು ಬಲವಾಗುತ್ತಿತ್ತು.

ಪ್ರಶ್ನೆ: ನಾನು ಮೂಲತಃ ಉಡುಪಿಯವನು, ನೈರೋಬಿಯಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶಾಪ್ ಇಟ್ಟಿದ್ದೇನೆ. ವರ್ಷಕ್ಕೆ 20 ಟನ್ ಉಕ್ಕಿನ ಚೌಕಟ್ಟು ಯೂರೋಪಿಗೆ ಕಳಿಸುತ್ತೇನೆ. 50 ಟನ್ನಿನೊಳಗೆ ಇದ್ದರೆ ಚಿಂತೆಯಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಹೌದೇ?
— ನೈರೋಬಿ, ಕೀನ್ಯಾ

ಅರ್ಧ ಹೌದು. 2025ರಲ್ಲಿ ನಿಯಮ ಸಡಿಲಿಸಿ 50 ಟನ್ನಿನ ಮಿತಿ ತಂದದ್ದು ನಿಜ. ಆದರೆ ಆ ಮಿತಿ ಕಳಿಸುವ ನಿಮಗಲ್ಲ, ತರಿಸಿಕೊಳ್ಳುವವರಿಗೆ. ನಿಮ್ಮ ಗಿರಾಕಿ ಚೀನಾ, ಟರ್ಕಿ, ಭಾರತ ಎಲ್ಲ ಕಡೆಯಿಂದ ವರ್ಷಕ್ಕೆ ಒಟ್ಟು 50 ಟನ್ ಮೀರಿ ತರಿಸಿದರೆ ನಿಮ್ಮ 20 ಟನ್ನೂ ಲೆಕ್ಕಕ್ಕೆ ಸೇರುತ್ತದೆ. ಮೊದಲು ಗಿರಾಕಿಯನ್ನು ಕೇಳಿ.

ಎರಡನೆಯದು, ನಿಮ್ಮ ಶಾಪಿನ ಹೊಗೆ ಹಿಡಿಯಷ್ಟು. ಕೀನ್ಯಾದ ವಿದ್ಯುತ್ತಿನಲ್ಲಿ ಓಲ್ಕಾರಿಯಾದ ಭೂಶಾಖ, ಜಲ, ಗಾಳಿಗಳ ಪಾಲೇ ಬಹಳ. ಆದರೆ ನೀವು ಕತ್ತರಿಸಿ ಬೆಸೆಯುವ ತಗಡು, ಆ್ಯಂಗಲ್‌ಗಳು ಎಲ್ಲಿ ಹುಟ್ಟಿದವು? ಹೊರದೇಶದ ಬ್ಲಾಸ್ಟ್ ಫರ್ನೇಸಿನಲ್ಲಿ ಹುಟ್ಟಿದ್ದರೆ ಅಲ್ಲಿಯ ಹೊಗೆ ನಿಮ್ಮ ಚೌಕಟ್ಟಿನ ಜಾತಕದಲ್ಲಿ ಬರುತ್ತದೆ. ಉಕ್ಕು ಕೊಳ್ಳುವಾಗ ಮಿಲ್ಲಿನ ಸರ್ಟಿಫಿಕೇಟ್ ಜೊತೆ ಹೊಗೆಯ ಅಂಕಿಯನ್ನೂ ಕೇಳಿ ಪಡೆಯಿರಿ. ಬ್ರಿಟನ್ನಿಗೂ ಕಳಿಸುವುದಿದ್ದರೆ, ಅಲ್ಲಿ ಇಂಥದೇ ತೆರಿಗೆ 2027ರ ಜನವರಿಯಿಂದ ಬರಲಿದೆ.

ಪ್ರಶ್ನೆ: ಮೊರಾಕ್ಕೊದಿಂದ ನಮಗೆ ಡಿಎಪಿ ಬರುತ್ತದಂತೆ. ಈ ತೆರಿಗೆಯಿಂದ ನಮ್ಮ ಗೊಬ್ಬರವೂ ತುಟ್ಟಿಯಾಗುತ್ತದೆಯೇ?
— ರೈತರು, ಸಿಂಧನೂರು

ನೇರವಾಗಿ ಆಗುವುದಿಲ್ಲ. ತೆರಿಗೆ ಯೂರೋಪಿನ ಬಾಗಿಲಲ್ಲಿ ಮಾತ್ರ, ನಮ್ಮ ಬಂದರಿನಲ್ಲಿ ಇಲ್ಲ.

ಮೊರಾಕ್ಕೊದ ಕಥೆ ಮಾತ್ರ ಕೇಳುವಂಥದು. ಲೋಕಕ್ಕೆ ತಿಳಿದಿರುವ ರಂಜಕದ ಶಿಲೆಯಲ್ಲಿ ಸುಮಾರು 70 ಶೇಕಡಾ ಆ ದೇಶದಲ್ಲಿದೆ. ಆದರೆ ಡಿಎಪಿಗೆ ಅಮೋನಿಯಾವೂ ಬೇಕು, ಅದನ್ನು ಮಾಡುವ ಅನಿಲ ಅಲ್ಲಿ ಸಾಲದು. ಅಮೋನಿಯಾ ಹೊರಗಿನಿಂದ ಬರುತ್ತದೆ. ಬೇರೆ ದೇಶದಲ್ಲಿ ಅಮೋನಿಯಾ ತಯಾರಿಸುವಾಗ ಎದ್ದ ಹೊಗೆಯೆಲ್ಲ ಮೊರಾಕ್ಕೊದ ಚೀಲದ ಮೇಲೆ ಬರೆದುಕೊಳ್ಳುತ್ತದೆ. ಅದಕ್ಕೇ ಅಲ್ಲಿಯ ಸರ್ಕಾರಿ ಒಡೆತನದ ಓಸಿಪಿ ಕಂಪನಿ 2023ರಿಂದ 2027ರವರೆಗೆ ಸುಮಾರು 13 ಬಿಲಿಯನ್ ಡಾಲರ್ ಹೂಡಿಕೆಯ ಯೋಜನೆ ಘೋಷಿಸಿ, ಸೂರ್ಯ, ಗಾಳಿಯ ವಿದ್ಯುತ್ ಮತ್ತು ಅದರಿಂದ ಅಮೋನಿಯಾ ತಯಾರಿಸುವ ಕಡೆ ಹೊರಳಿದೆ. ದುಡ್ಡೂ ಬಿಸಿಲೂ ಎರಡೂ ಇದ್ದವರ ಉತ್ತರ ಅದು. ಅನಿಲವನ್ನೇ ನೆಚ್ಚಿ ಯೂರಿಯಾ ಮಾಡುವ ಈಜಿಪ್ಟಿಗೆ ಅಷ್ಟು ಬೇಗ ಹೊರಳಲಾಗದು.

ಪ್ರಶ್ನೆ: ಆಫ್ರಿಕಾದ ದೇಶಗಳೇ ಈ ತೆರಿಗೆ ಹಾಕಿಕೊಂಡರೆ ದುಡ್ಡು ಅಲ್ಲೇ ಉಳಿಯುವುದಿಲ್ಲವೇ? ಇನ್ನೊಂದು ಮಾತು: ಹೊಗೆ ಯಾರದಾದರೂ ಹೊಗೆಯೇ ತಾನೆ, ಇದರಲ್ಲಿ ಅನ್ಯಾಯವೇನು ಬಂತು? ಅಲ್ಲಿಯ ಕಾರ್ಖಾನೆ ಮಾಲೀಕನಿಗೆ ನೀವು ಏನು ಸಲಹೆ ಕೊಡುತ್ತೀರಿ?
— ಲೆಕ್ಕ ಪರಿಶೋಧಕರು, ಬೆಂಗಳೂರು

ಒಂದೇ ಪತ್ರದಲ್ಲಿ ಮೂರು ಕೇಳಿದ್ದೀರಿ.

ಉಳಿಯುತ್ತದೆ. ತಯಾರಾದ ದೇಶದಲ್ಲಿ ನಿಜವಾಗಿ ಕಟ್ಟಿದ ಇಂಗಾಲದ ಬೆಲೆಯನ್ನು ಗಡಿಯಲ್ಲಿ ಕಳೆದುಕೊಡುತ್ತಾರೆ. ಇಲ್ಲಿ ‘ನಿಜವಾಗಿ’ ಎಂಬ ಮಾತಿಗೆ ತೂಕವಿದೆ. ದಕ್ಷಿಣ ಆಫ್ರಿಕಾ 2019ರ ಜೂನ್‌ನಲ್ಲೇ ಇಂಗಾಲ ತೆರಿಗೆ ತಂದಿತು. 2025ರಲ್ಲಿ ದರ ಟನ್ನಿಗೆ 236 ರ್‍ಯಾಂಡ್. ಆದರೆ ಮೂಲ ವಿನಾಯಿತಿಯೇ 60 ಶೇಕಡಾ. ಉಳಿದ 94 ರ್‍ಯಾಂಡ್ ಅಂದರೆ ಸುಮಾರು 5 ಯೂರೋ. ಗಡಿಯಲ್ಲಿ ಕಳೆಯುವುದು ಹೀಗೆ ನಿಜವಾಗಿ ಕಟ್ಟಿದ್ದನ್ನು ಮಾತ್ರ. ಯೂರೋಪಿನ ಮಟ್ಟಕ್ಕೆ ಏರಿಸಿದರೆ ದುಡ್ಡು ಮನೆಯಲ್ಲೇ ಉಳಿಯುತ್ತದೆ, ನಿಜ. ಆದರೆ ರಫ್ತಾಗುವ ಸ್ವಲ್ಪ ಉಕ್ಕಿನ ಸಲುವಾಗಿ ಊರಿನವರು ಕೊಳ್ಳುವ ಕಬ್ಬಿಣವೂ ತುಟ್ಟಿಯಾಗುತ್ತದೆ. ಯಾವ ಹಣಕಾಸು ಸಚಿವರಿಗೂ ಇದು ನಿದ್ದೆಗೆಡಿಸುವ ಲೆಕ್ಕ.

ಹೊಗೆ ಹೊಗೆಯೇ, ಒಪ್ಪಿದೆ. ಆದರೆ ಜಗತ್ತಿನ ಹೊಗೆಯಲ್ಲಿ ಇಡೀ ಆಫ್ರಿಕಾದ ಪಾಲು 4 ಶೇಕಡಾಕ್ಕೂ ಕಡಿಮೆ. ಅತಿ ಬಡ ದೇಶಗಳ ಸರಕಿಗೆ ಯೂರೋಪು 2001ರಿಂದ ಸುಂಕ ಬಿಟ್ಟಿದೆ, ಮೊಜಾಂಬಿಕ್ ಕೂಡ ಆ ಪಟ್ಟಿಯಲ್ಲಿದೆ. ಇಂಗಾಲದ ತೆರಿಗೆಯಲ್ಲಿ ಅಂಥ ರಿಯಾಯಿತಿ ಇಲ್ಲ. ವಸೂಲಾದ ದುಡ್ಡನ್ನು ಆ ದೇಶಗಳ ಕುಲುಮೆ ಬದಲಿಸಲು ಮರಳಿ ಕೊಡಬೇಕೆಂಬ ಕಟ್ಟುಪಾಡೂ ಕಾನೂನಿನಲ್ಲಿಲ್ಲ. 2023ರ ಸೆಪ್ಟೆಂಬರ್‌ನ ನೈರೋಬಿ ಘೋಷಣೆಯಲ್ಲಿ ಆಫ್ರಿಕಾದ ನಾಯಕರು ತೆರಿಗೆಯೇ ಬೇಡ ಎನ್ನಲಿಲ್ಲ. ಇಡೀ ಜಗತ್ತಿಗೆ ಅನ್ವಯಿಸುವ ಇಂಗಾಲ ತೆರಿಗೆ ಬರಲಿ, ಒಬ್ಬರೇ ಕೂತು ಇಂಥ ಸುಂಕ ನಿರ್ಧರಿಸುವುದು ಬೇಡ ಎಂದರು. ನನ್ನ ಮಾತೂ ಅದೇ. ತೂಗುವುದಕ್ಕೆ ಯಾರ ತಕರಾರೂ ಇಲ್ಲ. ತಕ್ಕಡಿ, ಬಟ್ಟು, ಗಲ್ಲಾಪೆಟ್ಟಿಗೆ ಮೂರೂ ಒಬ್ಬನ ಕೈಯಲ್ಲಿ ಇರುವುದರಲ್ಲಿ ತಕರಾರು.

ಸಲಹೆ ಒಂದೇ. ಚಾವಣಿಗೆ ಸೌರಫಲಕ ಹಾಕಿಸುವ ಮೊದಲು ಕುಲುಮೆಗೆ ಮೀಟರ್ ಹಾಕಿಸಿ. ಎಷ್ಟು ಅನಿಲ ಉರಿಯಿತು, ಎಷ್ಟು ಕಲ್ಲಿದ್ದಲು ಬಿತ್ತು, ಎಷ್ಟು ಲೋಹ ಹೊರಬಂತು ಎಂದು ದಿನದ ಪುಸ್ತಕದಲ್ಲಿ ಬರೆಯಿರಿ, ಯೂರೋಪು ಮಾನ್ಯ ಮಾಡಿದ ತಪಾಸಣೆಗಾರನಿಗೆ ತೋರಿಸಿ. ಚೊಕ್ಕ ಕಾರ್ಖಾನೆಯೂ ಪುಸ್ತಕವಿಲ್ಲದಿದ್ದರೆ ಆಯೋಗದ ಅಂದಾಜಿಗೆ ಬಿದ್ದು ಕೊಳಕು ಕಾರ್ಖಾನೆಯ ತೆರಿಗೆಯ ಹೊರೆ ಹೊರುತ್ತದೆ. ಮಾಡದ ಹೊಗೆಗೂ ದಂಡ ತೆರುವುದೆಂದರೆ ಅದೇ. ಅದನ್ನು ತಪ್ಪಿಸಲು ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಬೇಕಿಲ್ಲ, ಲೆಕ್ಕ ಬಲ್ಲ ಇಬ್ಬರು ಗುಮಾಸ್ತರು ಮತ್ತು ನಾಲ್ಕು ಮೀಟರ್ ಸಾಕು. ಲೆಕ್ಕ ಪರಿಶೋಧಕರಾದ ನಿಮಗೆ ಇದು ಹೊಸ ಮಾತೇನಲ್ಲ.